ಏಳು ಸೂಜಿಗಳ ಗೇರ್‌ಬಾಕ್ಸ್

"ಏನು ಬೇಕಾದ್ರೂ ಬಿಚ್ಚಿ, ಏನು ಬೇಕಾದ್ರೂ ಬದಲಾಯಿಸಿ. ಅದರ ನೆನಪಿಗೆ ಮಾತ್ರ ಕೈ ಹಾಕಬೇಡಿ," ಎಂದಳು ಹೊಲಿಗೆಯವಳು.

ಹೇಳುವಾಗ ಅವಳು ಮೆಕ್ಯಾನಿಕನ ಮುಖವನ್ನು ನೋಡಲಿಲ್ಲ. ತಗಡಿನ ಮಾಡಿನಡಿ ನಿಂತಿದ್ದ ಬೂದುಬಣ್ಣದ ಹಳೆಯ ಕಾರನ್ನೇ ನೋಡುತ್ತಿದ್ದಳು. ಅದರ ಬಾಗಿಲುಗಳ ನಡುಮಟ್ಟಕ್ಕೆ ನೆರೆನೀರು ಎಳೆದುಹೋದ ಕೆಸರಿನ ಗೆರೆ, ಎಷ್ಟು ತೊಳೆದರೂ ಹೋಗದೆ, ಮಾಯದ ಗಾಯದಂತೆ ಉಳಿದಿತ್ತು.

ಮೆಕ್ಯಾನಿಕ್ ಆ ಊರಿಗೆ ಬಂದು ಶೆಡ್ಡು ತೆರೆದು ನಾಲ್ಕು ತಿಂಗಳೂ ತುಂಬಿರಲಿಲ್ಲ. ಊರಿನವರು ಅವಳ ಮನೆಯಂಗಳದ ಮುಂದೆ ತಲೆ ತಗ್ಗಿಸಿ ಬಿರಬಿರನೆ ನಡೆದುಹೋಗುವುದನ್ನು ಅವನು ಕಂಡಿದ್ದ, ಅದು ಬಿಸಿಲಿಗಿರಬೇಕೆಂದುಕೊಂಡಿದ್ದ. ಹೊಲಿಗೆಯವಳು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ನೆರೆ ಬಂದ ವರ್ಷ ಅವಳ ಗಂಡ ರೈಲುಹಳಿಯ ಕೆಳಗಿನ ಸುರಂಗರಸ್ತೆಯಲ್ಲಿ ಇದೇ ಕಾರಿನೊಳಗೆ ಸಿಕ್ಕಿ ಮುಳುಗಿ ಸತ್ತಿದ್ದ. ಮಗನ ಜೀವವಂತೂ ಹೋಯಿತು, ನೆನಪಾದರೂ ಉಳಿಯಲಿ ಎಂದು ಅವಳ ಅತ್ತೆ ಎಲ್ಲಿಂದಲೋ ಒಬ್ಬ ಮಾಟಗಾರನನ್ನು ಕರೆತಂದಿದ್ದಳು. ಅವನು ಇವಳ ಹೊಲಿಗೆಪೆಟ್ಟಿಗೆಯಿಂದಲೇ ಏಳು ಸೂಜಿ ಆರಿಸಿ, ಸತ್ತವನ ತಲೆಗೂದಲಿನಿಂದ ಬಿಗಿದು, ಗೇರ್‌ಬಾಕ್ಸಿಗೆ ಎಣ್ಣೆ ಹೊಯ್ಯುವ ನಳಿಗೆಯೊಳಗೆ ಒಂದೊಂದಾಗಿ ಇಳಿಸಿದ್ದ. ಮುದುಕಿ ಸಾಯುವವರೆಗೂ ದಿನಾ ಸಂಜೆ ಅದರ ಮುಂದಿನ ಸೀಟಿನಲ್ಲಿ ಕುಳಿತು ಮಗನೊಡನೆ ಮಾತಾಡುತ್ತಿದ್ದಳಂತೆ. ಅವಳು ಕುಳಿತೊಡನೆ ಒಳಗಿನ ದೀಪ ತಾನಾಗಿಯೇ ಹತ್ತುತ್ತಿತ್ತಂತೆ.

"ಆ ಜಾಗ ಖಾಲಿ ಇರಬಾರದು ಅಂದಿದ್ದ ಆ ಮಾಟಗಾರ. ಒಬ್ಬರ ನೆನಪು ಅಳಿಸಿದ್ರೆ ಅದು ಇನ್ನೊಬ್ಬರದನ್ನ ಎಳ್ಕೊಳ್ಳುತ್ತೆ. ಗೇರು ಬೀಳುವಾಗ ಗುದ್ದುತ್ತೆ, ಗುದ್ದಲಿ ಬಿಡಿ. ಸಹಿಸ್ಕೊಂಡು ಓಡಿಸಿ."

ಮೆಕ್ಯಾನಿಕನಿಗೆ ನಗು ತಡೆಯಲಾಗಲಿಲ್ಲ. "ಅಮ್ಮಾ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ನೆನಪು ಅಂದ್ರೆ ಬರೀ ಕರೆಂಟು. ಓಡಿಸೋರ ಕಾಲಿನ ಒತ್ತಡ ಎಷ್ಟು, ಅವಸರ ಎಷ್ಟು ಅಂತ ಕಲಿತು ಇಟ್ಕೊಂಡಿರುತ್ತೆ, ಅಷ್ಟೇ. ಬ್ಯಾಟರಿ ತಂತಿ ಬಿಚ್ಚಿ ಅರ್ಧ ಗಂಟೆ ಬಿಟ್ರೆ ಹಾಲುಗಲ್ಲದ ಕೂಸು. ನಮ್ಮಕ್ಕನಿಗೂ ಇಂಥ ತಂತಿ ಒಂದಿದ್ದಿದ್ರೆ ನಾನು ಮಾಡಿದ ತಪ್ಪೆಲ್ಲ ಎಂದೋ ಅಳಿಸಿಹೋಗ್ತಿತ್ತು."

ಹೊಲಿಗೆಯವಳು ನಗಲಿಲ್ಲ. ಕೀಲಿಕೈ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನು ಆ ಕಾರನ್ನು ಕೊಂಡದ್ದು ಅಕ್ಕನಿಗಾಗಿ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ. ಅಲ್ಲಿಂದಾಚೆಗೆ ಅವನಿಗೆ ತಾಯಿ, ತಂದೆ, ಬೈಯುವ ಬಾಯಿ, ಉಣ್ಣಿಸುವ ಕೈ ಎಲ್ಲವೂ ಅಕ್ಕನೇ. ಪಾರ್ಸೆಲ್ ವ್ಯಾನು ಓಡಿಸಿ ಅವನನ್ನು ಸಾಕಿದವಳು. ಶಾಲೆಯ ಗೇಟಿನ ಬಳಿ ನಿಂತು ಎರಡು ಗಿಡ್ಡ, ಒಂದು ಉದ್ದ ಹಾರ್ನು ಹೊಡೆದಳೆಂದರೆ, ನೂರು ಮಕ್ಕಳ ನಡುವಿನಿಂದ ಅವನೊಬ್ಬನೇ ಓಡಿಬರುತ್ತಿದ್ದ. ಈಗ ಎರಡು ವರ್ಷದಿಂದ ಅವಳ ಎಡಗಾಲಿನಲ್ಲಿ ಶಕ್ತಿಯಿರಲಿಲ್ಲ. ಕ್ಲಚ್ ತುಳಿಯಲಾಗದೆ ಕಿಟಕಿಯ ಪಕ್ಕ ಕುಳಿತು, ಹೋಗಿಬರುವವರು ಗಾಡಿ ಓಡಿಸುವ ರೀತಿಯಲ್ಲೆಲ್ಲ ಹುಳುಕು ಹುಡುಕುವುದೇ ಅವಳ ಉದ್ಯೋಗವಾಗಿತ್ತು. ಆಟೊಮ್ಯಾಟಿಕ್ ಕಾರಿಗೆ ಕ್ಲಚ್ ಇಲ್ಲ, ಬಲಗಾಲೊಂದಿದ್ದರೆ ಸಾಕು ಎಂದು ಅವನು ಹೇಳಿದ ದಿನ ಅವಳ ಕಣ್ಣು ತುಂಬಿತ್ತು. ಅದನ್ನು ಮರೆಸಲು, "ಲೋ ಮಿಡತೆ, ನನ್ನ ಬಲಗಾಲು ಎರಡು ವರ್ಷದಿಂದ ದಂಡಪಿಂಡ. ಬೇಗ ಕೆಲಸ ಕೊಡೋ ಅದಕ್ಕೆ," ಎಂದು ಗದರಿದ್ದಳು.

ಗೇರ್‌ಬಾಕ್ಸಿನ ರೋಗ ಹಳೆಯದು. ಗೇರಿನ ಕಡ್ಡಿಯನ್ನು ಮುಂದೆ ಹೋಗುವ 'ಡಿ'ಗೆ ತಂದರೆ ಎರಡು ಕ್ಷಣ ಮೌನ, ಆಮೇಲೆ ಬೆನ್ನಿಗೆ ಒದ್ದಂತೆ ಒಂದು ಗುದ್ದು. ಎರಡನೆಯ ಗೇರಿನಿಂದ ಮೂರಕ್ಕೆ ಏರುವಾಗ ಎಂಜಿನ್ ಕಿರುಚುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ತಳದ ತಟ್ಟೆಯನ್ನು ಬಿಚ್ಚಿದಾಗ ಕೆಂಪಗಿರಬೇಕಾದ ಎಣ್ಣೆ ನೀರು ಬೆರೆತು, ನೆತ್ತರಿಗೆ ಹಾಲು ಹಿಂಡಿದಂತೆ ನಸುಗೆಂಪಾಗಿ ಸುರಿಯಿತು. ಸುಟ್ಟ ವಾಸನೆಯನ್ನು ನಿರೀಕ್ಷಿಸಿದ್ದ ಅವನ ಮೂಗಿಗೆ ಬಡಿದದ್ದು ಕೊಳೆತ ಕೆಸರಿನ ನಾತ. ತಟ್ಟೆಯ ಅಯಸ್ಕಾಂತಕ್ಕೆ ಸವೆದ ಲೋಹದ ಪುಡಿ ಅಂಟಿರುವುದು ಸಹಜ. ಅಲ್ಲಿ ಪುಡಿಯ ಜೊತೆಗೆ ಏಳು ಸೂಜಿಗಳು ಮೊನೆಗೂಡಿಸಿ ನಿಂತಿದ್ದವು. ಅಷ್ಟು ವರ್ಷ ಬಿಸಿ ಎಣ್ಣೆಯಲ್ಲಿ ಮುಳುಗಿದ್ದರೂ ಅವುಗಳ ಮೇಲಿನ ಕೂದಲು ಕರಗಿರಲಿಲ್ಲ. ಅವನು ಅವನ್ನು ಚಿಂದಿಬಟ್ಟೆಯಿಂದ ಒರೆಸಿ ಗುಜರಿ ಡಬ್ಬಕ್ಕೆ ಎಸೆದ.

ಮೂರು ಸಲ ಎಣ್ಣೆ ಬದಲಾಯಿಸಿದ. ಗೇರು ಹಿಡಿಯುವ, ನೀರು ಕುಡಿದು ಉಬ್ಬಿದ ಪ್ಲೇಟುಗಳನ್ನು ಕಿತ್ತು ಹೊಸದು ಕೂರಿಸಿದ. ಕಿಲುಬು ಹಿಡಿದ ತಂತಿಯ ತುದಿಗಳನ್ನು ಉಜ್ಜಿದ. ಗುದ್ದು ಮಾತ್ರ ಹೋಗಲಿಲ್ಲ. ಸತ್ತವನ ಅವಸರದ ಕಾಲನ್ನು ಅದು ಇನ್ನೂ ಮರೆತಿರಲಿಲ್ಲ. ಉಳಿದಿದ್ದು ಒಂದೇ ದಾರಿ. ಬ್ಯಾಟರಿಯ ತಂತಿ ಬಿಚ್ಚಿದ; ಅರ್ಧ ಗಂಟೆ ಕೈಕಟ್ಟಿ ಕುಳಿತ. ಕೊನೆಯ ಗಳಿಗೆಯಲ್ಲಿ, ತಂತಿ ಬಿಚ್ಚಿದ್ದ ಕಾರಿನೊಳಗೆ, ಮೇಲಿನ ದೀಪ ಒಮ್ಮೆ ಹತ್ತಿ ಆರಿದಂತೆ ಕಂಡಿತು. ಬಿಸಿಲ ಪ್ರತಿಫಲನವೆಂದುಕೊಂಡ. ಅದೇ ಹೊತ್ತಿಗೆ ಗುಜರಿ ಡಬ್ಬದೊಳಗೆ ಕಿಣಿಕಿಣಿ ಸದ್ದಾಯಿತು. ಇಲಿಯೆಂದುಕೊಂಡ.

ನೆನಪು ಅಳಿಸಿದ ಗೇರ್‌ಬಾಕ್ಸಿಗೆ ಹೊಸದಾಗಿ ಕಲಿಸಬೇಕು. ಮುಂದೆ ಯಾರು ಓಡಿಸುವರೋ ಅವರೇ ಮೊದಲ ದಿನ ಓಡಿಸಬೇಕು. ಅವರ ಕಾಲಿಗೆ ಅದು ಒಗ್ಗುತ್ತದೆ. ಇದು ಅವನ ಕಸುಬಿನ ನಿಯಮ, ಒಮ್ಮೆಯೂ ತಪ್ಪಿದವನಲ್ಲ. ಆದ್ದರಿಂದಲೇ ಮರುದಿನ ಮಧ್ಯಾಹ್ನ ಅಕ್ಕನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕುಳಿತ.

"ಹೊಡೀಲಾ?" ಎಂದಳು ಅಕ್ಕ. ಅವನು ತಲೆಯಾಡಿಸುವ ಮೊದಲೇ ಹಾರ್ನು ಹೊಡೆದಳು. ಎರಡು ಗಿಡ್ಡ, ಒಂದು ಉದ್ದ. ಇಬ್ಬರೂ ನಕ್ಕರು.

ಮೊದಲ ಗೇರು ತಡವರಿಸಿತು. ಎರಡನೆಯದು ಬೆಣ್ಣೆಯಲ್ಲಿ ಕೂದಲೆಳೆದಂತೆ ಬಿತ್ತು. ಕೊಂಚ ದೂರ ಹೋದ ಮೇಲೆ ಅಕ್ಕ ಹುಬ್ಬು ಗಂಟಿಕ್ಕಿ, ಮನೆಗೆ ಎಲ್ಲಿ ತಿರುಗಬೇಕು ಎಂದು ಕೇಳಿದಳು. ಎರಡು ವರ್ಷ ಓಡಿಸದವಳಿಗೆ ಗಲಿಬಿಲಿ ಸಹಜವೆಂದು ಅವನು ಕೈತೋರಿಸಿದ. ಅವಳು ತಿರುಗಲಿಲ್ಲ. ಮೂರನೆಯ ಗೇರು. ಗುದ್ದಿಲ್ಲ, ಕಿರುಚಾಟವಿಲ್ಲ.

"ಅಮ್ಮನ ಮುಖ ಹೇಗಿತ್ತೋ?" ಎಂದಳು ಮೆಲ್ಲಗೆ. "ಈಗ ತಾನೇ ಇತ್ತು ನನ್ನ ಹತ್ರ."

ಅವನು ತಟ್ಟನೆ ಅವಳ ಕಡೆ ತಿರುಗಿದ. ಕಾರಿನೊಳಗೆ ಕೆಸರಿನ ನಾತ ತುಂಬಿತ್ತು. ನಿಲ್ಲಿಸು ಎಂದ. ಅವಳ ಕಾಲು ಪೆಡಲಿನ ಮೇಲಿರಲಿಲ್ಲ. ಕಾರು ನಿಲ್ಲಲೂ ಇಲ್ಲ. ಎದುರಿಗೆ ರಸ್ತೆ ಇಳಿಯತೊಡಗಿತು. ರೈಲುಹಳಿ. ಅದರ ಕೆಳಗೆ ಸುರಂಗರಸ್ತೆಯ ಕಪ್ಪು ಬಾಯಿ.

ಬೆಳಕು ಹೋಯಿತು. ಎಲ್ಲಿಯೋ ನೀರು ತೊಟ್ಟಿಕ್ಕುವ ಸದ್ದು. ಆಮೇಲೆ ಹರಿಯುವ ಸದ್ದು. ಪಾದ ತಣ್ಣಗಾಯಿತು. ಕಣಕಾಲು. ಮೊಣಕಾಲು. ಗೇರಿನ ಕಡ್ಡಿಯನ್ನು ಎಳೆದ. ಬರಲಿಲ್ಲ. ಕೀಲಿ ತಿರುಗಿಸಿದ. ತಿರುಗಲಿಲ್ಲ. ಅಕ್ಕನ ತುಟಿ ಅಲ್ಲಾಡುತ್ತಿತ್ತು. "ಒಬ್ಬ ಹುಡುಗ ಇದ್ದ. ಉದ್ದ ಕಾಲಿನವನು. ಏನೋ ಅಂತ ಕರೀತಿದ್ದೆ ಅವನನ್ನ..."

"ಮಿಡತೆ ಕಣಕ್ಕಾ. ಮಿಡತೆ."

ನಾಲ್ಕನೆಯ ಗೇರು ಬಿತ್ತು. ಬಿದ್ದದ್ದೇ ತಿಳಿಯಲಿಲ್ಲ, ಅಷ್ಟು ನಯ.

ಆಗ ಅವನಿಗೆ ಹೊಳೆಯಿತು. ಹ್ಯಾಂಡ್‌ಬ್ರೇಕಿಗೆ ನೆನಪಿಲ್ಲ. ಅದು ಬರೀ ಕಬ್ಬಿಣದ ಹುರಿ. ಎರಡೂ ಕೈಯಿಂದ ಎಳೆದ. ಟೈರು ಉಜ್ಜಿತು. ರಬ್ಬರು ಸುಟ್ಟಿತು. ಕಾರು ಅಡ್ಡಡ್ಡ ಜಾರಿ, ಗೋಡೆಗೆ ಗೇಣು ದೂರದಲ್ಲಿ ನಿಂತಿತು. ಅಕ್ಕನ ಕಡೆಯ ಬಾಗಿಲು ತೆರೆದು, ಕಂಕುಳಿಗೆ ಕೈ ಕೊಟ್ಟು, ಅವಳನ್ನು ಹೊರಗೆ ಎಳೆತಂದು ಗೋಡೆಗೆ ಒರಗಿಸಿದ.

ಸುರಂಗದ ನೆಲ ಒಣಗಿತ್ತು. ಒಂದು ಹನಿ ನೀರಿರಲಿಲ್ಲ. ಅಕ್ಕನ ಚಪ್ಪಲಿಗಳಿಂದ ಮಾತ್ರ ಕೆಸರುನೀರು ಸೋರುತ್ತಿತ್ತು.

"ಅಕ್ಕಾ," ಎಂದ.

ಅವಳು ಅವನನ್ನು ನೋಡಿದಳು. ಅಪರಿಚಿತರನ್ನು ನೋಡುವಾಗಿನ ಮರ್ಯಾದೆಯಿಂದ ಸೆರಗು ಸರಿಮಾಡಿಕೊಂಡಳು. "ನಿಮ್ಮಿಂದ ತುಂಬಾ ಉಪಕಾರ ಆಯ್ತು. ನೀವು ಯಾರು ಅಂತ ಗೊತ್ತಾಗಲಿಲ್ಲ," ಎಂದಳು.

ಹುಟ್ಟಿದಂದಿನಿಂದ ಅವಳು ಅವನನ್ನು ನೀವು ಎಂದವಳಲ್ಲ.

ಅವನು ಜೇಬಿನಿಂದ ಸ್ಪ್ಯಾನರು ಹಿರಿದು, ಬಾನೆಟ್ಟು ಎತ್ತಿ, ಬ್ಯಾಟರಿಯ ನಟ್ಟಿಗೆ ಹಾಕಿದ. ಈ ಪಿಶಾಚಿಯ ತಲೆಯಲ್ಲಿ ಏನೂ ಉಳಿಯಕೂಡದು. ಒಂದು ಸುತ್ತು ಸಡಿಲಿಸಿದ. ಎರಡನೆಯ ಸುತ್ತಿಗೆ ಕೈ ಬಿಗಿದ.

ಖಾಲಿ ಕಾರಿನಿಂದ ಹಾರ್ನು ಕೇಳಿತು. ಎರಡು ಗಿಡ್ಡ. ಒಂದು ಉದ್ದ.

ಅವನ ಕೈ ಅಲ್ಲೇ ನಿಂತಿತು. ಕಾರಿನೊಳಗೆ ದೀಪ ಹತ್ತಿಕೊಂಡಿತ್ತು, ಯಾರೋ ದಾರಿ ಕಾಯುತ್ತಿರುವಂತೆ.

"ಯಾರೋ ಕರೀತಿದಾರೆ," ಎಂದಳು ಹಿಂದಿನಿಂದ ಆ ಹೆಂಗಸು. "ನಿಮ್ಮನ್ನೇ ಇರಬೇಕು. ಹೋಗಿ ಪಾಪ, ಕಾಯಿಸಬೇಡಿ."

ಅವನು ಬಾನೆಟ್ಟಿನಡಿ ಮತ್ತೆ ಬಾಗಿದ. ಆಮೇಲೆ, ಸಡಿಲಿಸಿದ್ದ ನಟ್ಟನ್ನು, ಮಲಗಿದ ಮಗುವಿಗೆ ಹೊದಿಕೆ ಹೊದಿಸುವಷ್ಟು ಮೆಲ್ಲಗೆ, ಮತ್ತೆ ಬಿಗಿಮಾಡಿದ.