ಅಳಿಸಿದವರು ಯಾರು?

ಗಂಟಲಿಗೆ ಚಾಕು ಒತ್ತಿತ್ತು. ಬೆನ್ನಿಗೆ ಹಳೆಯ ತೂಬಿನ ಕಟ್ಟೆ, ಪಕ್ಕದಲ್ಲಿ ಕೆಸರು ಕಾಲುವೆ.

ನನಗೆ ಒಳಗೊಳಗೇ ಖುಷಿ!

"ಯಾಕೋ ಹಲ್ಲು ಕಿರೀತೀಯ, ಪೀಟರ್ಕಿನ್?" ಎಂದ ಚಾಕುವಿನವನು.

"ನೀನು ಬಂದ್ಯಲ್ಲ ಮಾರಾಯ... ಅದಕ್ಕೆ."

ಅವನು ಅಲ್ಲಿಗೆ ಬಂದದ್ದೇ ನನಗೆ ಬೇಕಾಗಿದ್ದ ಉತ್ತರ. ಹೇಗೆಂದು ಹೇಳುತ್ತೇನೆ, ಕೇಳಿ.

ನಮ್ಮ ಜಾರ್ಜ್‌ಟೌನಿನ ಗಂಡಸರು ಹೆಂಡತಿಯನ್ನು ಮರೆತು ಬಂದಾರು, ಟೋವಾ-ಟೋವಾ ಎಂಬ ಪುಟ್ಟ ಹಾಡುಹಕ್ಕಿಯ ಪಂಜರ ಮರೆಯರು. ಎರಡು ಪಂಜರ ಅಕ್ಕಪಕ್ಕ ತೂಗುಹಾಕಿ ಪಂದ್ಯ. ಯಾರ ಹಕ್ಕಿ ಮೊದಲು ಐವತ್ತು ಸಲ ಕೂಗುತ್ತದೋ ಅದಕ್ಕೆ ಗೆಲುವು. ಈ ಹುಚ್ಚರಿಗೆಲ್ಲ ಫೋನಿನಲ್ಲಿ 'ಟೋವಾ ಬಳಗ' ಅಂತ ಒಂದು ಗುಂಪು, ಅದಕ್ಕೆ ಮೂವರು ಅಡ್ಮಿನ್‌ಗಳು. ಪೋಸ್ಟ್ ಅಳಿಸಿದರೆ ಹೆಸರಿಲ್ಲ, ಕಾರಣವಿಲ್ಲ. ಯಾಕೆ ಅಂತ ಕೇಳಿದವನು ಗುಂಪಿನಿಂದಲೇ ಹೊರಗೆ!

ಮಿನಿಬಸ್ ಓಡಿಸುವ ಮಾರ್ವಾ ಆಂಟಿಗೆ ಆದದ್ದೂ ಅದೇ. ಅವಳ ಹಕ್ಕಿ ಮೇಜರ್ ಕಳುವಾಯಿತು. ಬಳಗಕ್ಕೆ ಫೋಟೋ ಹಾಕಿದಳು. ಮಾಯ! ಮತ್ತೆ ಹಾಕಿದಳು. ಅವಳೇ ಮಾಯ! ಹಕ್ಕಿ ಕಳೆದುಕೊಂಡ ಇನ್ನೂ ಕೆಲವರದು ಇದೇ ಗತಿ ಎಂದು ಅವಳು ಊರೆಲ್ಲ ವಿಚಾರಿಸಿದ ಮೇಲೆ ತಿಳಿಯಿತು. ಮಕ್ಕಳಿಲ್ಲದ ಆಂಟಿ ನನ್ನೆದುರು ಕೂತು ಅತ್ತಳು. ನನಗೆ ರಕ್ತ ಕುದಿಯಿತು.

ಪೋಸ್ಟ್ ಅಳಿಸಿದವನೇ ಕಳ್ಳನಿರಬೇಕು ಅನ್ನಿಸಿ, ಕಳ್ಳನನ್ನು ಕಂಡವನೊಬ್ಬ ನನಗೆ ಸಿಗಲಿದ್ದಾನೆ ಎಂದು ಮೂವರು ಅಡ್ಮಿನ್‌ಗಳಿಗೂ ಬೇರೆ ಬೇರೆಯಾಗಿ ಸುಳ್ಳು ಬಿಟ್ಟೆ. ಬಕಸ್ ಮೇಷ್ಟ್ರಿಗೆ ಸಿನಿಮಾ ಮಂದಿರದ ಹತ್ತಿರ ಎಂದೆ. ದರ್ಜಿ ಕ್ಲೆಮೆಂಟನಿಗೆ ಅಕ್ಕಿ ಗಿರಣಿ ಎಂದೆ.

ತೂಬು ಎಂದು ಹೇಳಿದ್ದು ಮೂರನೆಯವನಾದ ಗೋಬಿನ್‌ಗೆ ಮಾತ್ರ. ಚಾಕು ಹಿಡಿದು ಬಂದವನೂ ಅವನೇ!

"ಸಾಕ್ಷಿ ಎಲ್ಲೋ?" ಚಾಕು ಇನ್ನಷ್ಟು ಒತ್ತಿತು.

ನನ್ನ ಕೈಯಲ್ಲಿ ಬಟ್ಟೆ ಮುಚ್ಚಿದ ಪಂಜರವಿತ್ತು. ಕಾಲುವೆಗೆ ಎಸೆದುಬಿಟ್ಟೆ.

"ಅಯ್ಯೋ, ಹಕ್ಕಿ ಕಣೋ ಪಾಪಿ!"

ಚಾಕು ಬಿಸಾಕಿ ಕೆಸರಿಗೆ ಹಾರಿಯೇಬಿಟ್ಟ. ಎಷ್ಟಾದರೂ ಅವನೂ ಹಕ್ಕಿಯವನೇ! ಬಟ್ಟೆ ಸರಿಸಿ ನೋಡಿದ. ಪಂಜರ ಖಾಲಿ.

ಅಷ್ಟರಲ್ಲಿ ನಾನು ತಿರುವಿನಲ್ಲಿ ನಿಂತಿದ್ದ ಮಿನಿಬಸ್ಸಿನಲ್ಲಿದ್ದೆ.

"ಯಾರೋ?" ಎಂದಳು ಆಂಟಿ.

"ಗೋಬಿನ್."

"ಆ ಬೋಳನಾ? ನಿನ್ನೆ ನಮ್ಮ ನಾದಿನಿ ಅಂಗಡೀಲಿ ಕೂದಲು ಸುತ್ತೋ ಕರ್ಲರ್ ತಗೊಂಡ... ಒಂದು ಚೀಲ ತುಂಬ!"

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕರ್ಲರ್ ಕೊಳವೆಯೊಳಗೆ ಹಕ್ಕಿ, ಎರಡು ತುದಿಗೂ ಬಲೆ, ಸೂಟ್‌ಕೇಸು, ನ್ಯೂಯಾರ್ಕ್ ವಿಮಾನ! ಅಲ್ಲಿ ಈ ಹಕ್ಕಿಗೆ ಭಾರೀ ಬೆಲೆ, ಆದರೆ ದಾರಿಯಲ್ಲೇ ಅರ್ಧಕ್ಕರ್ಧ ಸತ್ತುಹೋಗುತ್ತವೆ.

ಆಂಟಿ ಗಾಡಿಯನ್ನು ಗೋಬಿನ್ ಮನೆಯತ್ತ ನುಗ್ಗಿಸಿದಳು. ಒಂದು ಕುದುರೆಗಾಡಿ, ಎರಡು ಟ್ಯಾಕ್ಸಿ, ಒಬ್ಬ ಪೊಲೀಸು... ಎಲ್ಲ ಕೂದಲೆಳೆಯಲ್ಲಿ ಪಾರು!

"ನನ್ನ ಸ್ಟಾಪು ಹೋಯ್ತಲ್ಲೇ!" ಹಿಂದಿನ ಸೀಟಿನಿಂದ ಮುದುಕಿಯೊಬ್ಬಳ ಕೂಗು.

"ತೆಪ್ಪಗೆ ಕೂತ್ಕೊ ಅಜ್ಜೀ, ಇವತ್ತು ಟಿಕೆಟ್ ಬೇಡ!"

ಅಡ್ಡದಾರಿ ಹಿಡಿದು ನಮಗಿಂತ ಮೊದಲೇ ಮುಟ್ಟಿದ್ದ ಗೋಬಿನ್ ಕೆಸರು ಬಟ್ಟೆಯಲ್ಲೇ ಮನೆ ಮುಂದೆ ಸೂಟ್‌ಕೇಸು ಹಿಡಿದು ಟ್ಯಾಕ್ಸಿ ಕಾಯುತ್ತಿದ್ದ. ನಮ್ಮನ್ನು ಕಂಡವನೇ ಸೂಟ್‌ಕೇಸು ತೆರೆದು ಒಂದು ಕರ್ಲರ್ ಎಳೆದು ಮುಷ್ಟಿಯಲ್ಲಿ ಹಿಡಿದ. ಒಳಗೊಂದು ಪುಟ್ಟ ಕಪ್ಪು ತಲೆ.

"ಒಂದು ಹೆಜ್ಜೆ ಇಟ್ರೆ ನಿನ್ನ ಮೇಜರ್ ಚಟ್ನಿ!"

ನಾನು ನಿಂತೆ. ಕರ್ಲರಿನೊಳಗೆ ಎಲ್ಲ ಹಕ್ಕಿಯೂ ಒಂದೇ ಥರ. ಆಂಟಿಯ ತುಟಿ ಅದುರುತ್ತಿತ್ತು. ಆ ಅದುರುವ ತುಟಿಯಲ್ಲೇ ಮೆಲ್ಲಗೆ ಒಂದು ಶಿಳ್ಳೆ ಹಾಕಿದಳು. ದಿನಾ ಬೆಳಗ್ಗೆ ಮೇಜರನನ್ನು ಎಬ್ಬಿಸುತ್ತಿದ್ದ ಶಿಳ್ಳೆ.

ಮುಷ್ಟಿಯಲ್ಲಿದ್ದದ್ದು ಸುಮ್ಮನಿತ್ತು.

ಉತ್ತರ ಬಂದದ್ದು ಸೂಟ್‌ಕೇಸಿನಿಂದ!

ಗೋಬಿನ್ ತಿರುಗಿ ನೋಡಿದ. ನನಗೆ ಅಷ್ಟು ಸಾಕಾಗಿತ್ತು. ಮಣಿಕಟ್ಟಿಗೊಂದು, ದವಡೆಗೊಂದು! ಕೈಜಾರಿದ ಕರ್ಲರನ್ನು ಬಸ್ಸಿನಿಂದಿಳಿದ ಅಜ್ಜಿ ಲಂಗದಲ್ಲಿ ಹಿಡಿದಳು.

"ಇದೂ ಯಾರದೋ ಮಗುನೇ ಅಲ್ವೇನೋ?" ಎಂದು ನನ್ನನ್ನೇ ಗದರಿದಳು.

ಆಂಟಿ ನೆಲದ ಮೇಲೆ ಕೂತು ಮೇಜರನನ್ನು ಕೆನ್ನೆಗೊತ್ತಿಕೊಂಡಿದ್ದಳು. ನಾನು ಬೇರೆ ಕಡೆ ನೋಡಿದೆ. ಕಣ್ಣಿಗೆ ಧೂಳು ಬಿತ್ತು ಎನ್ನಬಹುದಿತ್ತು, ಆದರೆ ಅಳುವೇ ಬಂದಿತ್ತು.

ಗೋಬಿನ್ ಈಗ ಲಾಕಪ್ಪಿನಲ್ಲಿದ್ದಾನೆ. ಬಳಗದಲ್ಲಿ ಹೊಸ ನಿಯಮ ಬಂದಿದೆ. ಏನನ್ನೇ ಅಳಿಸಲಿ, ಅಳಿಸಿದವರ ಹೆಸರು, ಕಾರಣ ಎಲ್ಲರಿಗೂ ಕಾಣಬೇಕು. ಹೊಸ ಅಡ್ಮಿನ್ ಮಾರ್ವಾ ಆಂಟಿ. ನಾನು ಈ ಸಾಹಸವನ್ನೆಲ್ಲ ಸವಿಸ್ತಾರವಾಗಿ ಬರೆದು ಬಳಗಕ್ಕೆ ಹಾಕಿದೆ. ಒಂದು ಲೈಕ್ ಬರುವಷ್ಟರಲ್ಲಿ ಮಾಯ!

'ಅಳಿಸಿದವರು: ಮಾರ್ವಾ. ಕಾರಣ: ಹಕ್ಕಿ ಬಗ್ಗೆ ಎರಡು ಸಾಲು, ಮಿಕ್ಕಿದ್ದೆಲ್ಲ ತನ್ನ ಬಗ್ಗೆ ಕೊಚ್ಚಿಕೊಂಡಿದ್ದು.'

ಅದಕ್ಕೇ ನಿಮ್ಮ ತಲೆ ತಿನ್ನುತ್ತಿದ್ದೇನೆ. ಪಾರದರ್ಶಕತೆ ಬಂದಿದ್ದರಿಂದ ಒಂದು ಲಾಭ... ಒದೆ ತಪ್ಪಲಿಲ್ಲ, ಒದ್ದವರು ಯಾರೆಂದು ಗೊತ್ತಾಯಿತು!