ಅಡ್ಡಬಾಯಿ ಹಾಕಿದ ನೀಲವ್ವ

ಬಹಳ ಕಾಲದ ಹಿಂದೆ, ಗಿಡಮರಗಳೂ ಕಿವಿಗೊಟ್ಟು ಕತೆ ಕೇಳುತ್ತಿದ್ದ ದಿನಗಳಲ್ಲಿ, ಹೊಂಗೆದುರ್ಗ ಎಂಬ ರಾಜ್ಯವಿತ್ತು. ಅಲ್ಲಿ ನೀಲವ್ವ ಎಂಬ ಹೆಂಗಸು ಓಲೆಗರಿಯ ಮೇಲೆ ಕತೆ ಬರೆಯುತ್ತಿದ್ದಳು. ಬರೆಯುತ್ತಿದ್ದಳು ಅಂದರೆ, ಬರೆಯಲು ಒದ್ದಾಡುತ್ತಿದ್ದಳು. ಗಂಡ ಗಡಿ ಕಾಯಲು ಹೋಗಿದ್ದ. ಮನೆಯಲ್ಲಿ ಅತ್ತೆ ಮಲ್ಲವ್ವ, ಪುಟ್ಟ ಮಗಳು ಹೊನ್ನಿ. ಯುಗಾದಿಗೆ ರಾಣಿಯ ಮುಂದೆ ಓದಲು ಹೊಸ ಕತೆ ಬೇಕೆಂದು ಅರಮನೆಯಿಂದ ಹೇಳಿಕಳಿಸಿದ್ದರು. ಅಂದಿನಿಂದ ನೀಲವ್ವನ ಜೀವಕ್ಕೆ ನೆಮ್ಮದಿಯಿಲ್ಲ. ಕೂತರೆ ಏಳುವಳು, ಎದ್ದರೆ ಕೂರುವಳು. ರೊಟ್ಟಿ ತಟ್ಟುವಾಗ ಕತೆಯ ಚಿಂತೆ, ಕತೆ ಬರೆಯುವಾಗ ರೊಟ್ಟಿಯ ಚಿಂತೆ.

ಬೇಕಾದ ಮಾತು ನಾಲಿಗೆಯ ತುದಿಗೆ ಬಂತು ಅನ್ನುವಷ್ಟರಲ್ಲಿ ಬೀದಿಯಲ್ಲಿ ದ್ಯಾಮವ್ವ ಕೂಗುವಳು: "ಮಜ್ಜಿಗಿ ಬೇಕೇನವ್ವಾ, ಮಜ್ಜಿಗಿ!" ಬಂದ ಮಾತು ಹಾರಿಹೋಗುವುದು. ಹೇಗೋ ಅದನ್ನು ಮತ್ತೆ ಹಿಡಿದು ತಂದರೆ ಒಳಗಿನಿಂದ ಅತ್ತೆ: "ಒಲಿ ಮ್ಯಾಲೆ ಏನಿಟ್ಟೀಯವ್ವಾ? ಸೀದ ವಾಸನಿ ಬರಾಕತ್ತೈತಿ!" ಇನ್ನೊಮ್ಮೆ ಹಿಡಿದಾಗ ಹೊನ್ನಿ ಬಂದು ಸೆರಗು ಜಗ್ಗುವಳು: "ಅವ್ವಾ, ಇಲ್ನೋಡ. ಅವ್ವಾ!" ಅಂಥ ಅವಸರದಲ್ಲಿ ತೋರಿಸುತ್ತಿದ್ದದ್ದು ಏನು? ಒಂದು ಇರುವೆ.

ಊರ ಹೊರಗಿನ ಗುಡ್ಡದ ಗವಿಯಲ್ಲಿ ಸದ್ದುನುಂಗ ಎಂಬ ಮಾಂತ್ರಿಕನಿದ್ದ. ಜನರ ದನಿಯೇ ಅವನ ಊಟ. ಆದರೆ ಯಾರಾದರೂ ಬಾಯಿಬಿಟ್ಟು ಕೊಟ್ಟರೆ ಮಾತ್ರ ಒಯ್ಯಬಲ್ಲ. ಒಂದು ದಿನ ಅವನು ಗಡಿಗೆ ಹಿಡಿದು ನೀಲವ್ವನ ಬಾಗಿಲಿಗೆ ಬಂದ.

"ತಾಯೀ, ಆ ಬೀದಿಯ ಕೂಗು ನಿನಗೆ ಬೇಕೆ?"

"ಯಾರಿಗೆ ಬೇಕಪ್ಪಾ, ಒಯ್ಯಿ" ಎಂದಳು. ದ್ಯಾಮವ್ವನ ಕೂಗು ನಿಂತಿತು.

ಮರುದಿನ ಬಂದು ಕೇಳಿದ: "ಆ ಮುದುಕಿಯ ಗೊಣಗಾಟ ಬೇಕೆ?"

"ಅದನ್ನೂ ಒಯ್ಯಿ." ಅತ್ತೆಯ ಬಾಯಿ ಆಡಿತು, ಮಾತು ಹೊರಡಲಿಲ್ಲ.

ಅದರ ಮರುದಿನ ಬಂದ. "ಆ ಮಗುವಿನ ದನಿ?"

ನೀಲವ್ವ ಒಂದು ಗಳಿಗೆ ತಡೆದಳು. ಅವಳ ಕತೆಯ ರಾಜಕುಮಾರ ಆಗ ರಾಕ್ಷಸನೆದುರು ಕತ್ತಿ ಎತ್ತಿ ನಿಂತಿದ್ದ. ಎಷ್ಟು ಹೊತ್ತು ನಿಂತಾನು, ಪಾಪ! "ಯುಗಾದಿ ಮುಗಿಯುವ ತನಕ ಇಟ್ಟುಕೋ" ಎಂದುಬಿಟ್ಟಳು. ತಲೆ ಎತ್ತಿ ನೋಡಲೂ ಇಲ್ಲ.

ಮನೆ ತಣ್ಣಗಾಯಿತು. ನೀಲವ್ವ ಓಲೆಗರಿ ಎಳೆದುಕೊಂಡಳು. ರಾಜಕುಮಾರ ರಾಕ್ಷಸನನ್ನು ಬೈಯಲು ಬಾಯಿ ತೆರೆದ. ಏನಂತ ಬೈಯಬೇಕು? ಅವಳಿಗೆ ಹೊಳೆಯಲಿಲ್ಲ. ಇಷ್ಟು ದಿನ ಅವಳ ರಾಜರೆಲ್ಲ ಬೈಯುತ್ತಿದ್ದದ್ದು ಅತ್ತೆಯ ಬಾಯಿಂದ, ರಾಣಿಯರು ಚೇಷ್ಟೆ ಮಾಡುತ್ತಿದ್ದದ್ದು ದ್ಯಾಮವ್ವನ ನಾಲಿಗೆಯಿಂದ. ಅದು ಅವಳಿಗೇ ಗೊತ್ತಿರಲಿಲ್ಲ. ಎದ್ದಳು, ಕೂತಳು, ಅತ್ತಿತ್ತ ಓಡಾಡಿದಳು. ಗರಿಯ ಮೇಲೆ ಒಂದಕ್ಷರ ಬೀಳಲಿಲ್ಲ.

ಬೇಸತ್ತು ಕೋಣೆಯಿಂದ ಹೊರಬಂದಳು. ಅತ್ತೆ ಬಾವಿಗೆ ಹೋಗಿದ್ದಳು. ಒಲೆಯ ಪಕ್ಕ ಕುದಿನೀರಿನ ಪಾತ್ರೆ ಉರುಳಿಬಿದ್ದಿತ್ತು. ಮೂಲೆಯಲ್ಲಿ ಹೊನ್ನಿ ಸುಟ್ಟ ಕಾಲು ಹಿಡಿದುಕೊಂಡು, ಬಾಯಿ ಅಗಲಿಸಿ, ಸದ್ದಿಲ್ಲದೆ ಅಳುತ್ತಿದ್ದಳು. ಯಾವಾಗಿನಿಂದ ಅಳುತ್ತಿದ್ದಳೋ.

ನೀಲವ್ವನಿಗೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗುವಿನ ಕಾಲಿಗೆ ತಣ್ಣೀರು ಹಾಕಿ, ಬಾವಿಯಿಂದ ಬಂದ ಅತ್ತೆಯ ಮಡಿಲಿಗೆ ಕೊಟ್ಟು, ಗುಡ್ಡದ ಕಡೆಗೆ ಓಡಿದಳು.

ಗವಿಯ ಬಾಗಿಲಲ್ಲಿ ಒಂದು ಹುಲಿ ಮಲಗಿತ್ತು. ಅದಕ್ಕೆ ಕಿವಿಗಳೇ ಇರಲಿಲ್ಲ.

"ನೀನೂ ಏನೋ ಕೊಟ್ಟು ಬಂದವಳೇ ಇರಬೇಕು" ಎಂದಿತು ಹುಲಿ. "ನಿದ್ದೆ ಕೆಡುತ್ತದೆ ಅಂತ ನಾನು ಕಿವಿ ಕೊಟ್ಟೆ. ಈಗ ನನ್ನ ಮರಿಗಳು ಕರೆದರೂ ತಿಳಿಯುವುದಿಲ್ಲ. ಅವನ ತುಟಿ ನೋಡಿ ನೋಡಿ ಒಂದು ಗುಟ್ಟು ಕಲಿತಿದ್ದೇನೆ. ಇವತ್ತು ಅಮಾವಾಸ್ಯೆ. ಹೊತ್ತು ಮುಳುಗುವುದರೊಳಗೆ ಮಂತ್ರ ಮುಗಿಸಿದರೆ ಗಡಿಗೆಯ ದನಿಗಳೆಲ್ಲ ಎಂದೆಂದಿಗೂ ಅವನವೇ. ಮಂತ್ರ ಮೂರು ಸಲ ತಪ್ಪಿದರೆ ಗಡಿಗೆಗಳು ಒಡೆಯುತ್ತವೆ. ಹೋಗು."

ಒಳಗೆ ಸದ್ದುನುಂಗ ಗಡಿಗೆಗಳ ಮುಂದೆ ಕಣ್ಣುಮುಚ್ಚಿ ಕೂತು ಮಂತ್ರ ಹೇಳುತ್ತಿದ್ದ. ನೀಲವ್ವನ ಹತ್ತಿರ ಕತ್ತಿಯಿಲ್ಲ, ಮಂತ್ರವಿಲ್ಲ. ಆದರೆ ಬರೆಯುವವರ ಮಾತನ್ನು ಯಾವ ಗಳಿಗೆಯಲ್ಲಿ ಕೆಡಿಸಬೇಕು ಅನ್ನುವುದು ಅವಳಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತು? ಮುಂದಿನ ಮಾತು ಅವನ ನಾಲಿಗೆಯ ತುದಿಗೆ ಬರುವ ತನಕ ಕಾದಳು.

"ಮಜ್ಜಿಗಿ ಬೇಕೇನಣ್ಣಾ, ಮಜ್ಜಿಗಿ!"

ಮಂತ್ರ ತಪ್ಪಿತು. ಸದ್ದುನುಂಗ ಹಲ್ಲು ಕಡಿದು ಮೊದಲಿಂದ ಶುರುಮಾಡಿದ. ಅರ್ಧಕ್ಕೆ ಬಂದ.

"ಒಲಿ ಮ್ಯಾಲೆ ಏನಿಟ್ಟೀಯಪ್ಪಾ? ಸೀದ ವಾಸನಿ ಬರಾಕತ್ತೈತಿ!"

ಅವನು ಮೂಗರಳಿಸಿದ. ಮಂತ್ರ ಮತ್ತೆ ತಪ್ಪಿತು. "ಹುಲಿಯೇ, ಇವಳನ್ನು ಹರಿದುಹಾಕು!" ಎಂದು ಅಬ್ಬರಿಸಿದ. ಕಿವಿಯಿಲ್ಲದ ಹುಲಿ ಆರಾಮವಾಗಿ ಆಕಳಿಸಿತು.

ಹೊತ್ತು ಇಳಿಯುತ್ತಿತ್ತು. ಸದ್ದುನುಂಗ ಎರಡೂ ಕಿವಿಗೆ ಬೆರಳು ತುರುಕಿಕೊಂಡು ಮೂರನೆಯ ಸಲ ಶುರುಮಾಡಿದ. ನೀಲವ್ವ ಕೂಗಿದಳು, ಕೇಳಲಿಲ್ಲ. ಕಿರುಚಿದಳು, ಕೇಳಲಿಲ್ಲ. ಇನ್ನೊಂದೇ ಸಾಲು ಉಳಿದಿತ್ತು. ಆಗ ಅವಳು ಮೆಲ್ಲಗೆ ಹೋಗಿ ಅವನ ಪಂಚೆಯ ಚುಂಗು ಹಿಡಿದು ಜಗ್ಗಿದಳು. ಬಿಡದೆ ಜಗ್ಗಿದಳು, ಮಕ್ಕಳು ಜಗ್ಗುವ ಹಾಗೆ.

"ಏನೇ ಅದು!" ಎಂದು ತಿರುಗಿದ ಸದ್ದುನುಂಗ.

ಗಡಿಗೆಗಳು ಫಟಫಟನೆ ಒಡೆದವು. ದನಿಗಳು ಊರಿನತ್ತ ಹಾರಿದವು. ಹುಲಿಗೆ ಕಿವಿ ಮೊಳೆತವು, ಅದು ಮರಿಗಳ ಕೂಗು ಹಿಡಿದು ಕಾಡಿಗೆ ಓಡಿತು. ಸದ್ದುನುಂಗ ಕುಗ್ಗಿ ಕುಗ್ಗಿ ಜೀರುಂಡೆಯಾದ. ಇಂದಿಗೂ ಕಿರಿಗುಟ್ಟುತ್ತಾನೆ, ಅವನ ಮಾತು ಕೇಳುವವರಿಲ್ಲ.

ಮನೆಗೆ ಬಂದರೆ ಅತ್ತೆ ಹೊಸ್ತಿಲಲ್ಲೇ ಕಾದಿದ್ದಳು. "ಮನೆಗೆ ಮಾರಿ, ಊರಿಗೆ ಉಪಕಾರಿ!" ಎಂದು ಶುರುಮಾಡಿದವಳು, ಕೂಡಿಟ್ಟ ಬೈಗುಳವನ್ನೆಲ್ಲ ಬಡ್ಡಿ ಸಮೇತ ಬೈದಳು. ನೀಲವ್ವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆದರೆ ಹೊನ್ನಿ ಅವಳನ್ನು ಕರೆಯಲಿಲ್ಲ. ದನಿ ಬಂದಿತ್ತು. ಅಜ್ಜಿಯ ಹತ್ತಿರ ಹರಟುತ್ತಿದ್ದಳು, ಬೆಕ್ಕಿನ ಜೊತೆ ಜಗಳವಾಡುತ್ತಿದ್ದಳು. ನೀರಡಿಸಿದರೆ ಅಜ್ಜಿಯನ್ನು ಕೂಗುವಳು, ಹಸಿದರೆ ಅಜ್ಜಿಯನ್ನು ಕೂಗುವಳು. ತಾಯಿ ಕಾಲಿಗೆ ಮದ್ದು ಹಚ್ಚುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುವಳು. ನೀಲವ್ವ ಯುಗಾದಿಗೆ ಅರ್ಧ ಕತೆಯನ್ನೇ ಓದಿ ಬಂದಳು. ರಾಣಿಗೆ ಅಷ್ಟೇ ಹಿಡಿಸಿತು, ಉಳಿದದ್ದು ಆಮೇಲಾಗಲಿ ಎಂದಳು. ಗಡಿಯಿಂದ ಗಂಡನೂ ಬಂದ. ಆದರೂ ಅವಳ ಕಿವಿ ಒಂದೇ ಕಡೆಗಿತ್ತು.

ಸುಟ್ಟ ಗಾಯ ಒಣಗಿತು. ಒಂದು ದಿನ ನೀಲವ್ವ ಬರೆಯುತ್ತಿದ್ದಳು. ಎಷ್ಟೋ ಹೊತ್ತಿನಿಂದ ಹುಡುಕುತ್ತಿದ್ದ ಮಾತು ಇನ್ನೇನು ಸಿಕ್ಕಿತು ಅನ್ನುವಾಗ ಹಿತ್ತಲಿನಿಂದ ಕೇಳಿಸಿತು:

"ಅವ್ವಾ!"

"ಓ!" ಎಂದಳು. ಗರಿ ಒಂದು ಕಡೆ, ಲೇಖನಿ ಒಂದು ಕಡೆ ಬಿತ್ತು. ಬರಿಗಾಲಲ್ಲಿ ಹಿತ್ತಲಿಗೆ ಓಡಿದಳು. "ಏನವ್ವಾ, ಏನಾತು?"

ಹೊನ್ನಿ ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಏನೂ ಇಲ್ಲ. ಓ ಅಂತೀಯೇನಂತ ನೋಡಿದೆ."

ನೀಲವ್ವ ಮಗಳನ್ನು ಎತ್ತಿಕೊಂಡು ಅತ್ತಳು. ಆಮೇಲೆ ಆ ಮನೆಯಲ್ಲಿ ಎಲ್ಲರೂ ಕೂಗಾಡುತ್ತ, ಓಗೊಡುತ್ತ, ಬಹಳ ಕಾಲ ಸುಖವಾಗಿದ್ದರು. ಕತೆ ಕೇಳಿದವರ ಮನೆಯೂ ಹಾಗೇ ಇರಲಿ.