ಕಿವಿಯಲ್ಲಿ ಹೇಳಿದ ಸಿನಿಮಾ

ಬೆಳಗಾವಿಯ ಟಾಕೀಸಿನಲ್ಲಿ ಮರಾಠಿ ಸಿನಿಮಾ ನೋಡುವಾಗ ಸೋದರತ್ತೆ ಅಂಬಕ್ಕ ನನ್ನ ಕಿವಿಗೆ ಬಾಗಿ ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು. ಅವಳು ತೀರಿಕೊಂಡು ಎಷ್ಟೋ ವರ್ಷವಾಯಿತು.

ಹೋದ ಭಾನುವಾರ ಮಧ್ಯಾಹ್ನ ಜರ್ಮನಿಯ ಬೊಬ್ಲಿಂಗೆನ್‌ನ ನಮ್ಮ ಮನೆಯಲ್ಲಿ ಹೊಸ ಮರಾಠಿ ಸಿನಿಮಾ ಹಾಕಿದೆ. ತನ್ನ ಮನಸ್ಸನ್ನೇ ನಂಬಲಾಗದ ಒಂಟಿ ಹೆಂಗಸಿನ ಕಥೆ. ಮೈಸೂರಿನವಳಾದ ನನ್ನ ಹೆಂಡತಿ ರಚನಾಗೆ ಮರಾಠಿ ಬಾರದು, ಸಬ್‌ಟೈಟಲ್ಲೂ ಇರಲಿಲ್ಲ. ಆದರೂ ಬೆಚ್ಚಬೇಕಾದ ಮಾತಿಗೆಲ್ಲ ಬೆಚ್ಚುತ್ತಿದ್ದಳು.

"ನಿಂಗ ಹೆಂಗ ತಿಳೀಲಿಕತ್ತದ?" ಎಂದೆ.

"ನೀವೇ ಕಿವೀಲಿ ಹೇಳ್ತಿದೀರಲ್ಲ," ಎಂದಳು.

ನಾನು ಸೋಫಾದ ಇನ್ನೊಂದು ತುದಿಯಲ್ಲಿ ಸುಮ್ಮನೆ ಕೂತಿದ್ದೆ. ಹೀಟರ್ ಬಿಸಿಯಾಗಿದ್ದರೂ, ಹತ್ತಿರ ಸರಿದು ಅವಳ ಕಿವಿ ಮುಟ್ಟಿದರೆ ತಣ್ಣಗೆ ಕೊರೆಯಿತು.

ಸಿನಿಮಾದಲ್ಲಿ ಯಾರೋ ಬಾಗಿಲು ಬಡಿದರು. "ಬಾಗಲಾ ತಗೀಬ್ಯಾಡವಾ ಅನ್ಲಿಕತ್ತಾರ," ಎಂದಳು ರಚನಾ. ಅವಳ ಬಾಯಲ್ಲಿ ಬೆಳಗಾವಿಯ ಆ ಧಾಟಿ ಎಂದೂ ಕೇಳಿರಲಿಲ್ಲ.

ಹೆದರಿಕೆಗಿಂತ ಅಂಬಕ್ಕನ ಮಾತು ಇನ್ನಷ್ಟು ಕೇಳುವ ಆಸೆಯೇ ಹೆಚ್ಚಾಗಿ ಸಿನಿಮಾ ನಿಲ್ಲಿಸಲಿಲ್ಲ. ಮುಗಿದ ಮೇಲೆ ಟೀವಿ ಆರಿಸಿದೆ. ರಚನಾ ಮಾತ್ರ ತಲೆ ವಾಲಿಸಿಕೊಂಡು ಹೂಂಗುಡುತ್ತಲೇ ಇದ್ದಳು.